ಸೋಮವಾರದ ಫಾರಂಗಿಂತ ಮೊದಲು ಬರುವ ಫೋನ್

ಸಿಂಧನೂರು ತಾಲ್ಲೂಕಿನ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ನಾನು ಆರೋಗ್ಯ ನಿರೀಕ್ಷಣಾಧಿಕಾರಿ. ಕೆಲವು ವರ್ಷದ ಹಿಂದಿನ ಮೇ ತಿಂಗಳು. ತುಂಗಭದ್ರಾ ಎಡದಂಡೆ ಕಾಲುವೆ ಬಂದ್ ಆಗಿ, ಊರವರೆಲ್ಲ ಕೆರೆಯಲ್ಲಿ ನಿಲ್ಲಿಸಿದ ನೀರನ್ನೇ ಕುಡಿಯುವ ಕಾಲ. ಚಹಾ ಕುಡಿಯುವಾಗ ಮೆಡಿಕಲ್ ಶಾಪಿನ ಹುಡುಗ ಹೇಳಿದ: "ಸರ್, ಆ ಊರಿನವ್ರು ಎರಡು ದಿನದಾಗ ಓಆರ್‌ಎಸ್ ಎಲ್ಲಾ ಖಾಲಿ ಮಾಡ್ಯಾರ್ರಿ."

ಕೂಡಲೇ ಆ ಊರಿಗೆ ಹೋದೆ. ಒಂದೇ ಓಣಿಯಲ್ಲಿ ಆರು ಮನೆಗೆ ವಾಂತಿ-ಭೇದಿ. ಶುರುವಾಗಿ ನಾಲ್ಕು ದಿನ ಆಗಿತ್ತು. ಊರಲ್ಲಿ ಕಂಡ ರೋಗಲಕ್ಷಣದ ಲೆಕ್ಕ ಬರೆದು ನಾವು ವಾರವಾರ ಕಳಿಸುವ ಎಸ್ ಫಾರಂನಲ್ಲಿ ಮಾತ್ರ ಸೊನ್ನೆ.

ಆಶಾ ಅಕ್ಕನನ್ನು ಕೇಳಿದೆ. "ಕೇಸ್ ಬರದ್ರ ನಮ್ಮನ್ನೇ ಬೈತೀರಲ್ರೀ ಸರ್" ಅಂದರು. ನಿಜ. ಕೇಸ್ ಬಂತು ಅಂದರೆ "ಮೊದಲೇ ಯಾಕೆ ನೋಡಲಿಲ್ಲ" ಎಂದು ಕೇಳುತ್ತಿದ್ದವರಲ್ಲಿ ನಾನೂ ಒಬ್ಬ. ಆ ಮಾತು ಇವತ್ತಿಗೂ ಮನಸ್ಸಿನಿಂದ ಹೋಗಿಲ್ಲ.

ಸಾಂಕ್ರಾಮಿಕ ರೋಗಗಳ ಮೇಲೆ ಕಣ್ಣಿಡುವ ಐಡಿಎಸ್‌ಪಿ ಕಾರ್ಯಕ್ರಮ 2004ರಲ್ಲಿ ಶುರುವಾಯಿತು. ಲಕ್ಷಣ ನೋಡಿ ನಾವು ತುಂಬುವುದು ಎಸ್, ಡಾಕ್ಟರ್ ತುಂಬುವುದು ಪಿ, ಲ್ಯಾಬ್‌ನವರು ತುಂಬುವುದು ಎಲ್. ಆಗೆಲ್ಲ ವಾರಕ್ಕೊಮ್ಮೆ, ಸೋಮವಾರ, ಕಾಗದ ಹೋಗುತ್ತಿತ್ತು. ಈಗ ಐಎಚ್‌ಐಪಿ ಎಂಬ ಸರ್ಕಾರಿ ಪೋರ್ಟಲ್ ಬಂದು ಆನ್‌ಲೈನ್‌ನಲ್ಲಿ ದಿನದಿನಕ್ಕೂ ತುಂಬಬಹುದು. ಆದರೆ ಹೆದರಿಕೊಂಡು ತುಂಬಿದ ಸೊನ್ನೆ ಆನ್‌ಲೈನ್‌ನಲ್ಲೂ ಸೊನ್ನೆಯೇ ಅಲ್ವಾ?

ಹಾಗಾಗಿ ಮೊದಲು ನಾನು ಪ್ರಶ್ನೆ ಬದಲಿಸಿದೆ. ಫೋನ್ ಬಂದರೆ ಕೇಳುವುದು ಮೂರೇ: ಎಷ್ಟು ಮಂದಿ, ಯಾವ ಓಣಿ, ಯಾವತ್ತಿನಿಂದ. ಯಾಕೆ ಅಂತ ಕೇಳುವುದಿಲ್ಲ. ಒಂದೇ ಓಣಿಯ ಎರಡು ಮನೆಯಲ್ಲಿ ಭೇದಿ ಕಂಡರೆ ಸೋಮವಾರಕ್ಕೆ ಕಾಯಬೇಡಿ, ರಾತ್ರಿಯಾದರೂ ಫೋನ್ ಮಾಡಿ ಎಂದೆ. ಆಮೇಲೆ ಮೆಡಿಕಲ್ ಶಾಪಿನವರು, ಶಾಲೆಯ ಹೆಡ್ ಮಾಸ್ತರು, ನಳಕ್ಕೆ ನೀರು ಬಿಡುವವರು, ವೈದ್ಯ ಪದವಿ ಇಲ್ಲದೆಯೂ ಊರಲ್ಲಿ ಸಲಾಯಿನ್ ಹಚ್ಚುವ ಆರ್‌ಎಂಪಿಗಳ ಹತ್ತಿರವೂ ಹೋದೆ. ಆರ್‌ಎಂಪಿಗಳು ಹೆದರಿದರು. ರೋಗಿಯ ಹೆಸರು ಬೇಡ, ಸಂಖ್ಯೆ ಮತ್ತು ಓಣಿ ಸಾಕು ಎಂದ ಮೇಲೆ ಒಬ್ಬೊಬ್ಬರಾಗಿ ಹೇಳತೊಡಗಿದರು.

ಇನ್ನೊಂದು ಪಾಠ ಕಲಿಯಲು ನನಗೆ ಜಾಸ್ತಿ ಸಮಯ ಹಿಡಿಯಿತು. ಸುದ್ದಿ ಕೊಟ್ಟವರಿಗೆ ಉತ್ತರ ಹೋಗಬೇಕು. ನೀರು ಪರೀಕ್ಷಿಸುವ ಎಚ್‌ಟುಎಸ್ ಬಾಟಲಿಯಲ್ಲಿ ನೀರು ಹಾಕಿಟ್ಟರೆ, ಹೊಲಸು ಸೇರಿದ್ದರೆ ಒಂದೆರಡು ದಿನದಲ್ಲಿ ಕಪ್ಪಾಗುತ್ತದೆ. ಆ ಕಪ್ಪು ಬಾಟಲಿಯನ್ನು ಆಶಾ ಅಕ್ಕನ ಕೈಯಲ್ಲೇ ಕೊಟ್ಟು ಓಣಿಗೆ ತೋರಿಸಿದೆವು. ಕ್ಲೋರಿನ್ ಅನ್ನು ಟ್ಯಾಂಕಿನಲ್ಲಿ ಅಲ್ಲ, ಕೊನೆಯ ಮನೆಯ ನಳದಲ್ಲಿ ನೋಡಬೇಕು. ಲೀಟರಿಗೆ 0.2 ಮಿಲಿಗ್ರಾಂ ಆದರೂ ಅಲ್ಲಿ ಉಳಿದಿರಬೇಕು. ಆ ಊರಿನ ಕೊನೆಯ ನಳದಲ್ಲಿ ಏನೂ ಉಳಿದಿರಲಿಲ್ಲ. ಚರಂಡಿಯೊಳಗೇ ಹಾದುಹೋಗಿದ್ದ ಪೈಪು ಒಡೆದಿತ್ತು. ನೀರು ಬಿಡುವುದು ನಿಂತಾಗ ಹೊಲಸು ಒಳಗೆ ಎಳೆದುಕೊಳ್ಳುತ್ತಿತ್ತು.

ಭೇದಿಯ ಸ್ಯಾಂಪಲ್ಲನ್ನು ಆಂಟಿಬಯೋಟಿಕ್ ಕೊಡುವ ಮೊದಲೇ ತೆಗೆಯಬೇಕು. ಇಲ್ಲದಿದ್ದರೆ ಕಾಲರಾ ಇದ್ದರೂ ಲ್ಯಾಬ್‌ನಲ್ಲಿ ಸಿಗದೇ ಹೋಗಬಹುದು. ಈಗ ಸ್ಯಾಂಪಲ್ ತೆಗೆಯುವ ಕಿಟ್ ನನ್ನ ಬೈಕಿನ ಬ್ಯಾಗಿನಲ್ಲೇ ಇರುತ್ತದೆ.

ಎಲ್ಲ ಫೋನೂ ನಿಜವಾಗುವುದಿಲ್ಲ. ಮದುವೆ ಊಟ ಉಂಡು ಹೊಟ್ಟೆ ಕೆಟ್ಟಿದ್ದಕ್ಕೂ ಫೋನ್ ಬಂದಿದೆ. ಹೋಗಿ ನೋಡಿ, ಫೋನ್ ಮಾಡಿದ್ದು ಒಳ್ಳೆಯದಾಯಿತು ಎಂದು ಹೇಳಿಯೇ ಬರುತ್ತೇನೆ. ಒಂದು ಮೀಟಿಂಗಿನಲ್ಲಿ, ನಿಮ್ಮಲ್ಲಿ ಮಾತ್ರ ಭೇದಿ ಕೇಸ್ ಯಾಕೆ ಜಾಸ್ತಿ ಎಂದು ಕೇಳಿದರು. ನಮ್ಮ ಡಾಕ್ಟರ್ ಎದ್ದು ನಿಂತು, "ಇವರು ಮುಚ್ಚಿಡುತ್ತಿಲ್ಲ, ಅದಕ್ಕೆ" ಎಂದರು. ಆಶಾ ಅಕ್ಕಂದಿರಿಗೆ ಆ ಮಾತು ತಲುಪಿಸಿದ್ದು ನಾನೇ.

ಮರು ಬೇಸಿಗೆಯಲ್ಲಿ ಅದೇ ಊರಿನಿಂದ ಬೆಳಿಗ್ಗೆ ಆರಕ್ಕೆ ಫೋನ್ ಬಂತು. ಆಗಿದ್ದಿದ್ದು ಎರಡೇ ಕೇಸ್. ಸಂಜೆಯೊಳಗೆ ಆ ಲೈನ್ ಬಂದ್ ಮಾಡಿಸಿ ಟ್ಯಾಂಕರ್ ತರಿಸಿದೆವು.

ನಾಟಿಗೆ ಬಂದು ಗದ್ದೆ ಬದಿಯ ಶೆಡ್ಡಿನಲ್ಲಿ ಇರುವ ಕೂಲಿಯವರ ಸುದ್ದಿ ಮಾತ್ರ ಇನ್ನೂ ತಡವಾಗಿಯೇ ಬರುತ್ತಿದೆ. ಅವರು ಯಾವ ಆಶಾ ಅಕ್ಕನ ಪಟ್ಟಿಯಲ್ಲೂ ಇಲ್ಲ. ಈ ಸಲ ಕಾಲುವೆಗೆ ನೀರು ಬಿಡುವ ಮೊದಲೇ ಅವರನ್ನು ಕರೆತರುವ ಮೇಸ್ತ್ರಿಗಳ ನಂಬರ್ ಬರೆದುಕೊಳ್ಳುತ್ತಿದ್ದೇನೆ.