ಮಿರ್ಜಾನ್ ಕೋಟೆ ಆಟ ಬರೆಯುವಾಗ ಕಾಪಿರೈಟ್ ವಿಷ್ಯ ನೋಡ್ಕೊಂಡಿದ್ದು ಹೀಗೆ

ಶಿರಸಿಯಲ್ಲಿ ನಮ್ದೊಂದು ಸಣ್ಣ ಗ್ಯಾಂಗ್ ಭಾನುವಾರ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡ್ತದೆ (ಒಬ್ಬೊಬ್ಬರು ಒಂದೊಂದು ಪಾತ್ರ ಆಗಿ, ಡೈಸ್ ಹಾಕ್ತಾ ಕಥೆ ಮುಂದುವರಿಸೋ ಆಟ), ಅದೇ ರೂಲ್ಸ್ ಇಟ್ಕೊಂಡು ನಮ್ಮೂರ ಕಥೆ ಬರೀಬೇಕು ಅಂತ ನಾನು ಕೂತೆ. ಗೇರುಸೊಪ್ಪೆಯ ಚೆನ್ನಭೈರಾದೇವಿ ಕಾಲ, ಕಾಳುಮೆಣಸಿನ ಮೂಟೆ ಘಟ್ಟ ಇಳಿಸಿ ಮಿರ್ಜಾನ್ ಕೋಟೆಗೆ ಮುಟ್ಟಿಸ್ಬೇಕು, ದಾರೀಲಿ ಕಳ್ಳರು, ಪೋರ್ಚುಗೀಸರು, ನಮ್ಮ ಕಡೆ ದೇವತೆ ಚೌಡಿ.

"ಅವರ ರೂಲ್ಸ್ ಕನ್ನಡಕ್ಕೆ ಮಾಡಿದ್ಮೇಲೆ ಅದು ನಮ್ದೇ ಅಲ್ವಾ ಮಾರಾಯ" ಅಂದ ಒಬ್ಬ. ಅಲ್ಲ, ಅನುವಾದ ಮಾಡೋ ಹಕ್ಕೂ ಮೂಲದವರದ್ದೇ, ನಮ್ಮ 1957ರ ಕಾಪಿರೈಟ್ ಕಾಯ್ದೆಯಲ್ಲೇ ಇದೆ. ಆದ್ರೆ ಆಡೋ ವಿಧಾನ ಬರೀ ಐಡಿಯಾ, ಅದಕ್ಕೆ ಕಾಪಿರೈಟ್ ಇಲ್ಲ, ಆಡೋ ವಿಧಾನಕ್ಕೆ ಪೇಟೆಂಟನ್ನೂ ನಮ್ಮ ಕಾನೂನು ಕೊಡಲ್ಲ. ಕಾಪಿರೈಟ್ ಇರೋದು ಬರೆದ ವಾಕ್ಯಕ್ಕೆ, ಚಿತ್ರಕ್ಕೆ.

ಅದಕ್ಕೇ ರೂಲ್ಸ್ ಬರೆಯುವಾಗ ಅವರ ಪುಸ್ತಕ ಮುಚ್ಚಿಟ್ಟೆ. ಅಡ್ವಾಂಟೇಜ್ ರೂಲ್ ನಮ್ಮಲ್ಲಿ ಹೀಗಿದೆ: "ಮಳೆಗಾಲದಲ್ಲಿ ದೇವಿಮನೆ ಘಟ್ಟ ಇಳಿಯುವಾಗ ದಾರಿ ಬಲ್ಲವರು ಜೊತೆಗಿದ್ರೆ ಇಪ್ಪತ್ತು ಮುಖದ ಡೈಸ್ ಎರಡು ಸಲ ಹಾಕಿ, ಜಾಸ್ತಿ ಬಿದ್ದದ್ದು ಇಟ್ಕೊಳ್ಳಿ." ವಿಧಾನ ಅವರದ್ದು, ವಾಕ್ಯ ನಂದು.

ಆಟದಲ್ಲಿ ಬರೋ ಮಂತ್ರಗಳು ಮಾತ್ರ ಅವರು ಬರೆದ ಹಾಗೇ ಬೇಕಿತ್ತು. 2023ರ ಜನವರಿಯಲ್ಲಿ ಈ ಆಟದ ಕಂಪನಿ ವಿಝರ್ಡ್ಸ್ ಆಫ್ ದ ಕೋಸ್ಟ್, ಬೇರೆಯವರು ರೂಲ್ಸ್ ಬಳಸೋಕೆ ಕೊಟ್ಟಿದ್ದ ತನ್ನ ಹಳೇ ಓಪನ್ ಲೈಸೆನ್ಸ್ ಬದಲಿಸೋಕೆ ಹೋಗಿ ಜನ ತಿರುಗಿ ಬಿದ್ರು, ಕಡೆಗೆ ಕಂಪನಿ ಎಸ್‌ಆರ್‌ಡಿ 5.1 ಅನ್ನೋ ಮೂಲ ರೂಲ್ಸನ್ನ ಯಾರು ಬೇಕಾದ್ರೂ ಬಳಸ್ಬಹುದಾದ ಲೈಸೆನ್ಸ್ ಆದ ಕ್ರಿಯೇಟಿವ್ ಕಾಮನ್ಸ್‌ನಲ್ಲಿ ಬಿಟ್ಟಿತು. ಅದ್ರಿಂದ ತಗೊಂಡ್ರೆ ಅನುವಾದಕ್ಕೂ ಅಡ್ಡಿಲ್ಲ, ಮಾರೋಕೂ ಅಡ್ಡಿಲ್ಲ, ಅವರು ಕೇಳಿದ ಕ್ರೆಡಿಟ್ ಸಾಲು ಹಾಕ್ಬೇಕು, ಬದಲಾಯಿಸಿದ್ರೆ ಬದಲಾಯಿಸಿದೀವಿ ಅಂತ ಹೇಳ್ಬೇಕು ಅಷ್ಟೇ. ಎರಡನೇ ಪುಟದಲ್ಲೇ ಹಾಕಿದೀನಿ.

ಹೆಸರಿನ ವಿಷ್ಯಕ್ಕೆ ದೊಡ್ಡೋರೇ ಸಿಕ್ಕಿಬಿದ್ದಿದ್ದಾರೆ, 1974ರ ಮೊದಲ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನಲ್ಲಿ ಕಾದಂಬರಿಕಾರ ಟೋಲ್ಕಿನ್ನರ ಕಥೆಯ ಕುಳ್ಳ ಜನ 'ಹಾಬಿಟ್' ಇತ್ತು, ಹಕ್ಕುದಾರರು ತಕರಾರು ತೆಗೆದ್ಮೇಲೆ ಹೆಸರು 'ಹಾಫ್ಲಿಂಗ್' ಆಯ್ತು. ನಮಗೆ ಆ ತಲೆಬಿಸಿ ಇಲ್ಲ, ಚೌಡಿಗೆ ಯಾವ ಕಂಪನಿ ಓನರ್! ಕಾನೂನಲ್ಲ, ನಮ್ಮ ದೊಡ್ಡಮ್ಮನ್ನ ಕೇಳ್ಬೇಕಿತ್ತು. "ಚೌಡಿ ಸಂಗ್ತಿಗೆ ಹೊಡೆದಾಟ ಆಡ್ತ್ರಾ?" ಅಂದ್ಲು. ಹಾಗಾಗಿ ಆಟದಲ್ಲಿ ಚೌಡಿಗೆ ಹಿಟ್ ಪಾಯಿಂಟೇ (ಹೊಡೆತ ಬಿದ್ದಾಗ ಕಮ್ಮಿಯಾಗೋ ಜೀವದ ಅಂಕ) ಇಲ್ಲ, ಕಾಯಿ ಒಡೆದು ದಾರಿ ಕೇಳ್ಬೇಕು, ಕಾಯಿ ಇಲ್ದಿದ್ರೆ ಒಂದು ಮೂಟೆ ಮೆಣಸು ಬಿಟ್ಟು ಹೋಗ್ಬೇಕು.

ನಾನು ಬರೆದ ರೂಲ್ಸಿಗೂ ಅದೇ ಲೈಸೆನ್ಸ್ ಹಾಕಿದೀನಿ, ಕುಮಟೆ, ಕಾರವಾರದವರು ಜೆರಾಕ್ಸ್ ಮಾಡ್ಕೊಂಡು ಆಡ್ಬಹುದು. ಚಿತ್ರ ಬಿಡ್ಸಿದ ಹುಡುಗಿಗೆ ಮಾತ್ರ ಚಿತ್ರದ ಹಕ್ಕು ಅವಳದ್ದೇ ಅಂತ ಬರೆದು ಸೈನ್ ಮಾಡಿ ಕೊಟ್ಟಿದೀನಿ, ಅವನ್ನ ಬೇರೆ ಕಡೆ ಹಾಕೋದಿದ್ರೆ ಅವಳನ್ನೇ ಕೇಳಿ.