ಎಲೆಕ್ಟ್ರಾನಿಕ್ ಸಂಗೀತದ ಚರಿತ್ರೆಯನ್ನು ನಾನು ಓದಿಕೊಂಡ ಬಗೆ

ಎಲೆಕ್ಟ್ರಾನಿಕ್ ಸಂಗೀತದ ಚರಿತ್ರೆ ಮತ್ತು ಸಂಸ್ಕೃತಿಯನ್ನು ಕುರಿತು ಇಂಗ್ಲಿಷಿನಲ್ಲಿ ರಾಶಿ ರಾಶಿ ಬರೆಹವಿದೆ. ಅದರಲ್ಲಿ ಓದಲೇಬೇಕಾದದ್ದನ್ನು ಹೆಕ್ಕಿಕೊಳ್ಳುವುದು ಮಾತ್ರ ಸುಲಭವಲ್ಲ. ಮೈಸೂರಿನಲ್ಲಿ ನಾಟಕ ತಂಡಗಳಿಗೆ ಧ್ವನಿವಿನ್ಯಾಸ ಮಾಡಿಕೊಂಡಿರುವ ನಾನು ಈ ಓದನ್ನು ಬಹುಕಾಲದಿಂದ ನಡೆಸಿಕೊಂಡು ಬಂದಿದ್ದೇನೆ. ಪುಸ್ತಕ ಕೈಗೆ ಬಂದಾಗ ನಾನು ಕೇಳಿಕೊಳ್ಳುವ ಪ್ರಶ್ನೆಗಳು ಕೆಲವೇ. ಯಂತ್ರ ಯಾವುದು, ಅದು ಯಾವ ಕೋಣೆಯಲ್ಲಿತ್ತು, ಅದಕ್ಕೆ ಹಣ ಹಾಕಿದವರು ಯಾರು, ಅದರ ಮುಂದೆ ಕೂರಲು ಯಾರಿಗೆ ಅವಕಾಶವಿತ್ತು, ಅಲ್ಲಿಂದ ಹೊರಟ ಸದ್ದಿಗೆ ಯಾರು ಕುಣಿದರು ಎಂಬುದನ್ನು ಹೇಳುವ ಪುಸ್ತಕವನ್ನು ಮನೆಗೆ ತರುತ್ತೇನೆ. ಹೌಸ್, ಟೆಕ್ನೊ, ಟ್ರಾನ್ಸ್ ಎಂದು ಶೈಲಿಗಳ ಪಟ್ಟಿ ಕೊಟ್ಟು, ಕಲಾವಿದರನ್ನು ಹೊಗಳಿ ಮುಗಿಸುವ ಪುಸ್ತಕವನ್ನು ಇದ್ದಲ್ಲೇ ಇಡುತ್ತೇನೆ.

ಈ ಪ್ರಶ್ನೆಗಳು ಹುಟ್ಟಿದ್ದು ನಮ್ಮೂರಿನ ಸಂಗೀತದ ಚರಿತ್ರೆಯಿಂದಲೇ. ಪಿಟೀಲು ಚೌಡಯ್ಯನವರು ಏಳು ತಂತಿಯ ಪಿಟೀಲನ್ನು ರೂಢಿಗೆ ತಂದದ್ದು, ಮೈಕಿಲ್ಲದ ಕಾಲದಲ್ಲಿ ಸಭೆಯ ಕೊನೆಯ ಸಾಲಿಗೂ ನಾದ ಮುಟ್ಟಬೇಕೆಂದು. ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರ ಆರಂಭಿಸಿದರು. ಕೇಳುವ ಜಾಗವೂ ಸಲಕರಣೆಯೂ ಬದಲಾದಂತೆ ಸಂಗೀತವೂ ಬದಲಾಗುತ್ತದೆ ಎಂಬುದಕ್ಕೆ ಮೈಸೂರಿನವರು ದೂರ ಹೋಗಿ ಪುರಾವೆ ಹುಡುಕಬೇಕಾಗಿಲ್ಲ.

ಬಾನುಲಿಯ ಜಾಡನ್ನೇ ಹಿಡಿದು ಹೊರಟಾಗ ಪಶ್ಚಿಮದ ಕಥೆಯೂ ನನಗೆ ತಿಳಿಯಾಯಿತು. ಪ್ಯಾರಿಸ್ಸಿನ ಬಾನುಲಿಯಲ್ಲಿ ಎಂಜಿನಿಯರಾಗಿದ್ದ ಪಿಯರ್ ಶೆಫರ್ 1948ರಲ್ಲಿ ರೈಲಿನ ಸದ್ದುಗಳನ್ನು ಗ್ರಾಮಫೋನ್ ತಟ್ಟೆಗಳ ಮೇಲೆ ಮುದ್ರಿಸಿಕೊಂಡು, ಮುಳ್ಳು ಮುಂದೆ ಸಾಗದೆ ಅದೇ ಗೆರೆಯಲ್ಲಿ ಸುತ್ತುವಂತೆ ಮಾಡಿ, ಆ ಮರುಕಳಿಕೆಯಿಂದ ಕೃತಿ ಕಟ್ಟಿದರು. 1952ರ ಅವರ ಪುಸ್ತಕ 2012ರಲ್ಲಿ ಇಂಗ್ಲಿಷಿಗೆ ಬಂದಿದೆ. ಅದರ ಮೊದಲ ಭಾಗ ದಿನಚರಿಯ ರೂಪದಲ್ಲಿದೆ. ಇನ್ನೂ ಹೆಸರಿಲ್ಲದ ಕಲೆಯೊಂದು ದಿನದಿಂದ ದಿನಕ್ಕೆ ರೂಪ ಪಡೆಯುವುದನ್ನು ಅಷ್ಟು ಹತ್ತಿರದಿಂದ ತೋರಿಸುವ ಬರೆಹ ಬೇರೊಂದನ್ನು ನಾನು ಓದಿಲ್ಲ. ಕಲೋನ್, ಮಿಲಾನ್, ಟೋಕಿಯೊ ಸ್ಟುಡಿಯೋಗಳೂ 1950ರ ದಶಕದಲ್ಲಿ ಬಾನುಲಿಗಳ ಆಶ್ರಯದಲ್ಲೇ ತಲೆಯೆತ್ತಿದವು. 1958ರಲ್ಲಿ ಆರಂಭವಾದ ಬಿಬಿಸಿಯ ರೇಡಿಯೊಫೋನಿಕ್ ವರ್ಕ್‌ಶಾಪ್ ನಾಟಕಗಳಿಗೆ ಸದ್ದು ಒದಗಿಸುವ ವಿಭಾಗವಾಗಿತ್ತು. 1963ರಲ್ಲಿ ‘ಡಾಕ್ಟರ್ ಹೂ’ ಧಾರಾವಾಹಿಯ ಶೀರ್ಷಿಕೆ ಸಂಗೀತವನ್ನು ಟೇಪಿನ ತುಂಡುಗಳನ್ನು ಜೋಡಿಸಿ ಸಿದ್ಧಪಡಿಸಿದ ಡೀಲಿಯಾ ಡರ್ಬಿಶೈರ್ ಅವರ ಹೆಸರು ಅಂದು ಪರದೆಯ ಮೇಲೆ ಬರಲೇ ಇಲ್ಲ. ರಂಗದ ಹಿಂದೆ ನಿಂತು ದುಡಿಯುವ ನನ್ನಂಥವರಿಗೆ ಇದು ಮನಸ್ಸಿಗೆ ತಟ್ಟುವ ಸಂಗತಿ. ಇಂಥ ಮಹಿಳೆಯರ ಕೆಲಸವನ್ನು ಅವರ ಮಾತಿನಲ್ಲೇ ತಿಳಿಯಬೇಕೆಂಬವರಿಗೆ ತಾರಾ ರಾಡ್ಜರ್ಸ್ ಅವರ ಸಂದರ್ಶನಗಳ ಸಂಕಲನ ‘ಪಿಂಕ್ ನಾಯ್ಸಸ್’ ಇದೆ.

ಒಂದೇ ಯಂತ್ರವನ್ನು ಹಿಡಿದು ಹಲವು ಪುಸ್ತಕಗಳನ್ನು ಅಕ್ಕಪಕ್ಕ ಓದುವುದು ನನಗೆ ಹೆಚ್ಚು ಫಲ ಕೊಟ್ಟ ಕ್ರಮ. ನಾನು ಹಿಡಿದದ್ದು ರೋಲ್ಯಾಂಡ್ ಕಂಪನಿಯ ಟಿಬಿ-303. ಗಿಟಾರ್ ನುಡಿಸುವವರಿಗೆ ಬೇಸ್, ಅಂದರೆ ತಗ್ಗಿನ ಸ್ವರಗಳ ಸಾಥ್, ಒದಗಿಸಲೆಂದು 1981ರಲ್ಲಿ ಹೊರತಂದ ಈ ಪುಟ್ಟ ಪೆಟ್ಟಿಗೆ ನಿಜವಾದ ಬೇಸ್ ಗಿಟಾರಿನಂತೆ ಕೇಳಿಸಲಿಲ್ಲ. 1984ರ ಹೊತ್ತಿಗೆ ತಯಾರಿಕೆ ನಿಂತಿತು. ಕಡಿಮೆ ಬೆಲೆಗೆ ಹಳೆ ಸಾಮಾನಾಗಿ ಸಿಗತೊಡಗಿದಾಗ ಶಿಕಾಗೊದ ಫ್ಯೂಚರ್ ಎಂಬ ತಂಡದ ಯುವಕರು ಅದರ ಗುಂಡಿಗಳನ್ನು ನುಡಿಸುತ್ತಿರುವಾಗಲೇ ತಿರುಗಿಸುತ್ತ ಹೋದರು. ಹಾಗೆ ಹುಟ್ಟಿದ ‘ಆಸಿಡ್ ಟ್ರ್ಯಾಕ್ಸ್’ 1987ರಲ್ಲಿ ಬಂತು, ಆಸಿಡ್ ಹೌಸ್ ಎಂಬ ಕುಣಿತದ ಸಂಗೀತಕ್ಕೆ ನಾಂದಿಯಾಯಿತು. ಅದಕ್ಕೂ ಮೊದಲೇ, 1982ರಲ್ಲಿ, ಮುಂಬೈಯ ಚರಣಜಿತ್ ಸಿಂಗ್ ಇದೇ ಯಂತ್ರವನ್ನೂ ಬಳಸಿ ಹತ್ತು ರಾಗಗಳನ್ನು ಡಿಸ್ಕೊ ತಾಳಕ್ಕೆ ಒಂದು ತಟ್ಟೆಗಾಗಿ ನುಡಿಸಿದ್ದರು. ಅದರಲ್ಲಿರುವ ಭೂಪಾಲಿ ನಮ್ಮ ಮೋಹನ, ಮಾಲಕೌಂಸ್ ನಮ್ಮ ಹಿಂದೋಳ. ಸ್ವರದಿಂದ ಸ್ವರಕ್ಕೆ ಜಾರುವ ಸೌಲಭ್ಯ ಯಂತ್ರದಲ್ಲೇ ಇದ್ದುದರಿಂದ ರಾಗದ ಎಳೆ ಅಲ್ಲಿ ಕಡಿಯುವುದಿಲ್ಲ. 2010ರಲ್ಲಿ ಆ ತಟ್ಟೆ ಮರುಬಿಡುಗಡೆಯಾದಾಗ, ಆಸಿಡ್ ಹೌಸ್ ಹುಟ್ಟಿದ್ದೇ ಭಾರತದಲ್ಲಿ ಎಂದು ಅನೇಕರು ಬರೆದರು. ನಾನು ಅದನ್ನು ಒಪ್ಪುವುದಿಲ್ಲ. ಶಿಕಾಗೊದವರು ಈ ತಟ್ಟೆಯನ್ನು ಕೇಳಿದ್ದರೆಂದು ತೋರಿಸುವ ಆಧಾರವನ್ನು ಹಾಗೆ ಬರೆದವರು ಕೊಡುವುದಿಲ್ಲ. ಒಂದೇ ಯಂತ್ರ ಎರಡು ಊರುಗಳಲ್ಲಿ ಎರಡು ಕಾರಣಗಳಿಗೆ ಬಳಕೆಯಾಯಿತು ಎಂಬುದೇ ಸಾಕಷ್ಟು ದೊಡ್ಡ ವಿಷಯ. ಒಬ್ಬ ಲೇಖಕನನ್ನು ನಂಬಬಹುದೇ ಎಂದು ತಿಳಿಯಲು ಈ ಪ್ರಸಂಗವನ್ನು ಆತ ಹೇಗೆ ಹೇಳುತ್ತಾನೆಂದು ನೋಡಿದರೆ ಸಾಕು.

ಕುಣಿತದ ಸಂಸ್ಕೃತಿಗೆ ನಾನು ನೆಚ್ಚಿಕೊಂಡಿರುವುದು ಎರಡು ಪುಸ್ತಕಗಳನ್ನು. 1970ರ ದಶಕದ ನ್ಯೂಯಾರ್ಕಿಗೆ ಟಿಮ್ ಲಾರೆನ್ಸರ ‘ಲವ್ ಸೇವ್ಸ್ ದ ಡೇ’, ಟೆಕ್ನೊ ಹುಟ್ಟಿದ ಡೆಟ್ರಾಯಿಟಿಗೆ ಡ್ಯಾನ್ ಸಿಕೊ ಅವರ ‘ಟೆಕ್ನೊ ರೆಬೆಲ್ಸ್’. ವಿದ್ಯುತ್ತಿನಿಂದಲೇ ಸ್ವರ ಹುಟ್ಟಿಸುವ ಮೂಗ್ ಸಿಂಥಸೈಜರ್ ಎಂಬ ವಾದ್ಯ ಹೇಗೆ ಬೆಳೆಯಿತೆಂದು ತಿಳಿಯಲು ಪಿಂಚ್ ಮತ್ತು ಟ್ರಾಕೊ ಬರೆದ ‘ಅನಲಾಗ್ ಡೇಸ್’ ಒಂದೇ ಸಾಕು. ಇವು ಇಲ್ಲಿನ ಪುಸ್ತಕದಂಗಡಿಗಳಲ್ಲಿ ನನಗೆ ಸಿಕ್ಕಿಲ್ಲ, ತರಿಸಿಕೊಂಡರೆ ದುಬಾರಿ. ಆದುದರಿಂದ ಮೊದಲು ವಿದ್ವತ್ ಪತ್ರಿಕೆಗಳ ಅಂತರ್ಜಾಲ ಭಂಡಾರವಾದ ಜೆಸ್ಟೋರ್‌ನಲ್ಲಿ ಸ್ವಂತ ಖಾತೆ ತೆರೆದು ಆ ಪುಸ್ತಕಗಳ ವಿಮರ್ಶೆಗಳನ್ನು ಹಣ ಕೊಡದೆ ಓದುತ್ತೇನೆ, ಎರಡು ಮೂರು ವಿಮರ್ಶಕರು ಮತ್ತೆ ಮತ್ತೆ ಎತ್ತಿಕೊಳ್ಳುವ ಹೆಸರುಗಳನ್ನು ಗುರುತು ಹಾಕಿಕೊಳ್ಳುತ್ತೇನೆ, ಆಮೇಲಷ್ಟೇ ಕೊಳ್ಳುವ ಮಾತು. ರೋಲ್ಯಾಂಡ್ ಯಂತ್ರಗಳ ಹಳೆಯ ಕೈಪಿಡಿಗಳನ್ನೂ ನಾನು ಚರಿತ್ರೆಯ ಆಕರಗಳೆಂದೇ ಓದುತ್ತೇನೆ. ತಯಾರಕರು ಯಾರನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದರು ಎಂಬುದು ಅಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಭಾರತದ ಮಟ್ಟಿಗೆ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ ಕಥೆಯನ್ನು ಯಾರೂ ಬಿಡಬಾರದು. 1969ರಲ್ಲಿ ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ ಅಲ್ಲಿ ಮೂಗ್ ಸಿಂಥಸೈಜರ್ ಇರುವ ಸ್ಟುಡಿಯೊ ಕಟ್ಟಿಕೊಟ್ಟರು. ಹಿಂದೆ ನ್ಯೂಯಾರ್ಕಿನಲ್ಲಿ ಅಮೆರಿಕದ ಸಂಗೀತ ರಚನಕಾರ ಜಾನ್ ಕೇಜ್ ಅವರಿಗೆ ಭಾರತೀಯ ಸಂಗೀತವನ್ನು ಪರಿಚಯಿಸಿದ್ದ ಗೀತಾ ಸಾರಾಭಾಯಿ ಅವರೂ ಆ ಯಂತ್ರದಲ್ಲಿ ಕೆಲಸ ಮಾಡಿದರು. ಅಲ್ಲಿನ ಟೇಪುಗಳು ಸಂಸ್ಥೆಯ ಸಂಗ್ರಹದಲ್ಲೇ ದಶಕಗಳ ಕಾಲ ಉಳಿದುಬಿಟ್ಟಿದ್ದವು. ಲಂಡನ್ನಿನ ಕಲಾವಿದ ಪಾಲ್ ಪರ್ಗಾಸ್ ಆ ಟೇಪುಗಳನ್ನು ಹೊರತೆಗೆದ ಮೇಲೆ 2023ರಲ್ಲಿ ಧ್ವನಿಸಂಕಲನವೂ ಆ ಬಳಿಕ ಪ್ರಬಂಧಗಳ ಪುಸ್ತಕವೂ ಬಂದವು. ಎರಡನ್ನೂ ಒಟ್ಟಿಗೆ ಇಟ್ಟುಕೊಂಡು, ಪ್ರಬಂಧ ಓದಿದ ಕೂಡಲೇ ಅದಕ್ಕೆ ಸಂಬಂಧಿಸಿದ ಧ್ವನಿಯನ್ನು ಕೇಳುವಂತೆ ನಾನು ಎಲ್ಲರಿಗೂ ಹೇಳುತ್ತೇನೆ.

ಮಂಡ್ಯದ ಕಡೆಯ ಆರ್ಕೆಸ್ಟ್ರಾ ಒಂದರಲ್ಲಿ ಕೀಬೋರ್ಡ್ ನುಡಿಸುವ ಹುಡುಗನೊಬ್ಬ ಇತ್ತೀಚೆಗೆ, “ಸರ್, ನಾನು ಯಾವ ಪುಸ್ತಕದಿಂದ ಶುರು ಮಾಡ್ಲಿ?” ಎಂದು ಕೇಳಿದ. “ನಿಮ್ಮ ತಂಡದ ಹಿರಿಯರನ್ನ ಮೊದಲು ಕೇಳಪ್ಪ, ಬರ್ಕೊ, ಆಮೇಲೆ ‘ಅನಲಾಗ್ ಡೇಸ್’ ಕೊಡ್ತೀನಿ” ಎಂದೆ. ಗಣಪತಿ ಹಬ್ಬದ ವೇದಿಕೆಗಳಿಗೆ ಕೀಬೋರ್ಡು, ರಿದಂ ಪ್ಯಾಡುಗಳು ಬಂದ ಬಗೆಯನ್ನು ಕುರಿತು ಕನ್ನಡದಲ್ಲಿ ಬರೆದದ್ದು ನನ್ನ ಕಣ್ಣಿಗೆ ಬಿದ್ದಿಲ್ಲ. ಅವನು ಈಗಾಗಲೇ ಒಬ್ಬರ ಮಾತನ್ನು ಬರೆದು ತಂದಿದ್ದಾನೆ: ಚೀಟಿ ಎತ್ತಿ ತಂಡಕ್ಕೆ ಮೊದಲ ಕೀಬೋರ್ಡ್ ಕೊಂಡದ್ದು, ಪ್ಯಾಡ್ ಬಂದ ಮೇಲೆ ಢೋಲಕ್ ನುಡಿಸುವವರು ಆ ಪ್ಯಾಡನ್ನೇ ಕಲಿತದ್ದು, ಕರೆಂಟು ಹೋದ ರಾತ್ರಿ ಮತ್ತೆ ಢೋಲಕ್ಕನ್ನೇ ಹೊರತೆಗೆದದ್ದು. ಮುಂದಿನ ವಾರ ಅದೇ ತಂಡದ ತಬಲಾದವರನ್ನು ನಾವಿಬ್ಬರೂ ಕೂಡಿ ಮಾತನಾಡಿಸಲಿದ್ದೇವೆ.