ರೈನೋಸ್ಪೋರಿಡಿಯಾಸಿಸ್ ಮರಳಿ ಬರಲೇಬೇಕು ಅಂತೇನಿಲ್ಲ: ಮಂಡ್ಯದಲ್ಲಿ ನನ್ನ ಅನುಭವ

ರೈನೋಸ್ಪೋರಿಡಿಯಾಸಿಸ್ ಅಂದರೆ ಕೆರೆಕಟ್ಟೆಯ ನೀರಿನಿಂದ ಸೇರುವ ಒಂದು ಸೂಕ್ಷ್ಮಜೀವಿಯಿಂದ ಮೂಗಲ್ಲಿ ಏಳುವ ಗಡ್ಡೆ. ಎಷ್ಟು ಸಲ ತೆಗೆದರೂ ಮತ್ತೆ ಬರುತ್ತದೆ, ಅದರ ಆಪರೇಷನ್‌ಗೆ ಯಾಕೆ ಅಷ್ಟು ಹೊತ್ತು ಕೂರ್ತೀರಿ ಅಂತ ಮೈಸೂರಿನ ಹಿರಿಯ ಡಾಕ್ಟರುಗಳು ಕೇಳುತ್ತಿದ್ದರು. ಈ ಏಳೆಂಟು ವರ್ಷದಲ್ಲಿ ನಾನು ಮಾಡಿದ ಇಪ್ಪತ್ತಕ್ಕೂ ಜಾಸ್ತಿ ಕೇಸ್‌ಗಳಲ್ಲಿ ಮರಳಿದ್ದು ಎರಡೋ ಮೂರೋ. ಈಗ ಅವರೇ ಕೇಸ್ ಕಳಿಸುತ್ತಾರೆ.

ತಮಿಳುನಾಡು, ಕೇರಳ, ಛತ್ತೀಸ್‌ಗಢದಷ್ಟು ನಮ್ಮಲ್ಲಿ ಇಲ್ಲ. ಹಾಗಾಗಿ ಇಲ್ಲಿ ಎಲ್ಲವೂ 'ದುರ್ಮಾಂಸ' ಅಂತಲೇ ಬರುತ್ತದೆ. ಮೂಗಲ್ಲಿ ರಕ್ತ, ಕೆಂಪು ಗಡ್ಡೆಯ ಮೇಲೆ ರವೆ ಉದುರಿಸಿದಂಥ ಬಿಳಿ ಚುಕ್ಕಿ ಕಂಡರೆ ನಾನು ಮೊದಲು ಕೇಳುವುದು, ಎಮ್ಮೆ ತೊಳೆಯುವ ಕೆರೆಯಲ್ಲಿ ಈಜ್ತೀರಾ ಅಂತ. ಪಾಂಡವಪುರ, ಮದ್ದೂರು ಕಡೆಯ ಹುಡುಗರು ಹೂಂ ಅಂತಾರೆ. ಲ್ಯಾಬಿನ ಕಲ್ಚರ್‌ನಲ್ಲಿ ಈ ಸೂಕ್ಷ್ಮಜೀವಿ ಬೆಳೆಯುವುದಿಲ್ಲ, ಗಡ್ಡೆಯ ಚೂರನ್ನು ಮೈಕ್ರೋಸ್ಕೋಪ್‌ನಲ್ಲಿ ನೋಡುವ ಬಯಾಪ್ಸಿಯೇ ಗತಿ.

ನನ್ನ ಹತ್ತಿರ ಬಂದವರಲ್ಲಿ ಅರ್ಧದಷ್ಟು ಜನ ಆಗಲೇ ಬೇರೆ ಕಡೆ ಒಂದೆರಡು ಸಲ ತೆಗೆಸಿದ್ದವರು. ಸ್ನೇರ್ (ತಂತಿಯ ಕುಣಿಕೆ) ಹಾಕಿ ಎಳೆದರೆ ಗಡ್ಡೆ ಚೂರು ಚೂರಾಗುತ್ತದೆ, ರಕ್ತದ ಜೊತೆ ಸ್ಪೋರ್ (ಆ ಜೀವಿಯ ಬೀಜಕಣ) ಹರಡಿ ಪಕ್ಕದಲ್ಲೇ ಮತ್ತೆ ಏಳುತ್ತದೆ. ನಾನು ಗಡ್ಡೆಯನ್ನು ಹಿಡಿಯುವುದೇ ಇಲ್ಲ. ಮೊದಲು ಎಂಡೋಸ್ಕೋಪ್‌ನಲ್ಲಿ ಬುಡ ಹುಡುಕುತ್ತೇನೆ. ಬುಡ ಒಂದೇ ಅಂತ ನಂಬಬೇಡಿ, ಸೆಪ್ಟಮ್ (ಮೂಗಿನ ನಡುಗೋಡೆ) ಮೇಲೂ ಟರ್ಬಿನೇಟ್ (ಪಕ್ಕದ ಗೋಡೆಯ ಉಬ್ಬು) ಮೇಲೂ ಒಟ್ಟಿಗೇ ಇರಬಹುದು. ಸುತ್ತಲಿನ ಒಳ್ಳೆಯ ಮ್ಯೂಕೋಸಾ (ಮೂಗಿನ ಒಳಪದರ) ಸ್ವಲ್ಪ ಸೇರಿಸಿಯೇ ಬಿಡಿಸಿ, ಇಡಿಯಾಗಿ ತೆಗೆದು, ಆಮೇಲೆ ಬುಡ ಸುಡುತ್ತೇನೆ. ಗಡ್ಡೆ ಹಿಂದಕ್ಕೆ ಗಂಟಲ ಕಡೆ ಇಳಿದಿದ್ದರೆ ರಬ್ಬರ್ ಕ್ಯಾಥೆಟರ್‌ನಿಂದ (ಕೊಳವೆಯಿಂದ) ಅಂಗುಳ ಎತ್ತಿ ಬಾಯಿಯ ಕಡೆಯಿಂದ ನೋಡಲೇಬೇಕು. ರಕ್ತ ಹೀರುತ್ತಲೇ ಸುಡುವ ಸಕ್ಷನ್ ಕಾಟರಿಯ ತುದಿಯನ್ನು ನಾನು ಬಗ್ಗಿಸುವ ರೀತಿ ಬೇರೆ, ಅದನ್ನು ಇಲ್ಲಿ ಬರೆಯಲ್ಲ. ಆಪರೇಷನ್ ಥಿಯೇಟರ್‌ಗೆ ಬಂದವರಿಗೆ ತೋರಿಸುತ್ತೇನೆ.

ಕಡಿಮೆ ಬಿಸಿಯಲ್ಲಿ ಅಂಗಾಂಶ ಕರಗಿಸುವ ಕೋಬ್ಲೇಷನ್ ಕೂಡ ಮಾಡಿ ನೋಡಿದೆ. ರಕ್ತ ಕಡಿಮೆ, ನಿಜ. ಆದರೆ ಅದರ ಒಂದು ವಾಂಡ್‌ಗೇ (ಕೈಯಲ್ಲಿ ಹಿಡಿಯುವ ಕಡ್ಡಿಗೇ) 15,000 ರೂಪಾಯಿ ಹತ್ತಿರ ಆಯ್ತು. ಕಬ್ಬು ಕಡಿಯುವವರು ಅದನ್ನು ಎಲ್ಲಿಂದ ತರ್ತಾರೆ? ಹಳೇ ಕಾಟರಿಯಲ್ಲೇ ಅಷ್ಟೇ ಚೆನ್ನಾಗಿ ಆಗುತ್ತದೆ, ಕೈ ಪಳಗಬೇಕು ಅಷ್ಟೇ. ಒಂದಷ್ಟು ದಿನ ಬುಡಕ್ಕೆ ಪೊವಿಡೋನ್ ಅಯೋಡಿನ್ (ಸೋಂಕುನಿವಾರಕ ದ್ರವ) ಹತ್ತಿಯನ್ನೂ ಇಟ್ಟೆ, ಏನೂ ವ್ಯತ್ಯಾಸ ಕಾಣಲಿಲ್ಲ, ಬಿಟ್ಟೆ.

ಇನ್ನೊಂದು ಮಾತು. ನಾಲೆ ನೀರು ಕುಡಿದು ಮೂಗಲ್ಲಿ ಜಿಗಣೆ ಸೇರಿಸಿಕೊಂಡವರೂ ಹೀಗೇ ರಕ್ತ ಅಂತಲೇ ಬರುತ್ತಾರೆ. ಮರಗಟ್ಟಿಸುವ 10% ಲಿಗ್ನೋಕೇನ್ ಸ್ಪ್ರೇ ಹೊಡೆದು ಸ್ವಲ್ಪ ಕಾಯಿರಿ, ಹಿಡಿತ ಸಡಿಲಿಸುತ್ತದೆ. ಜೋರಾಗಿ ಎಳೆಯಬೇಡಿ.

ಮತ್ತೆ ರೈನೋಸ್ಪೋರಿಡಿಯಾಸಿಸ್‌ಗೆ ಬಂದರೆ, ಆಪರೇಷನ್ ಆದ ಮೇಲೆ ದೊಡ್ಡವರಿಗೆ ಡ್ಯಾಪ್ಸೋನ್ ಮಾತ್ರೆ ದಿನಕ್ಕೆ 100 ಮಿ.ಗ್ರಾಂ, ಆರು ತಿಂಗಳು ಕೊಡುತ್ತೇನೆ. ಕೆಲವರು ಇದನ್ನು ಒಪ್ಪಲ್ಲ. ಮೊದಲು ಜಿ6ಪಿಡಿ (ಕೆಂಪು ರಕ್ತಕಣದ ಒಂದು ಎನ್‌ಜೈಮ್), ಹಿಮೋಗ್ಲೋಬಿನ್ ನೋಡಿಯೇ ಶುರು ಮಾಡಿ. ಮಾತ್ರೆ ಅಗ್ಗ, ತಿಂಗಳು ತಿಂಗಳು ಬರುವ ಬಸ್ ಚಾರ್ಜು ಮತ್ತು ಹೋದ ಕೂಲಿಯೇ ಅವರಿಗೆ ಭಾರ. ಕಬ್ಬಿನ ಕಟಾವು ಶುರುವಾದರೆ ಯಾರೂ ಬರಲ್ಲ. ಅದಕ್ಕೇ ಫಾಲೋಅಪ್‌ಗೆ ಫೀಸ್ ತೆಗೆದುಕೊಳ್ಳುವುದನ್ನು ನಿಲ್ಲಿಸಿದ್ದೇನೆ. ಮೂರು ತಿಂಗಳಿಗೊಮ್ಮೆಯಂತೆ ಎರಡು ವರ್ಷ ಸ್ಕೋಪ್ ಹಾಕಿ ನೋಡುತ್ತೇನೆ. ಸಾಸಿವೆಯಷ್ಟು ಮತ್ತೆ ಕಂಡರೂ ಲೋಕಲ್‌ನಲ್ಲೇ (ಆ ಜಾಗ ಮಾತ್ರ ಮರಗಟ್ಟಿಸಿ) ಸುಟ್ಟು ಕಳಿಸಬಹುದು.